ಜೈಲಿನೊಳಗಿನ ವಿದ್ಯಾರ್ಥಿನಿಯರು ಮತ್ತು ನಮ್ಮ ಸಂಘಗಳು

(ಸ್ವಸಹಾಯ ಸಂಘಗಳ ಸದಸ್ಯೆಯರ ತಾಲ್ಲೂಕು ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಜೈಲಿನಲ್ಲಿರುವ ಹೆಣ್ಣುಮಕ್ಕಳಿಗೆ ಅಂಚೆ ಮೂಲಕ ಕಾಲೇಜು ಶಿಕ್ಷಣ ಕೊಡಿಸುವ ಕೆಲಸದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನಮ್ಮ ಕಾಲೇಜಿನಲ್ಲಿದ್ದ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರದ ಸಂಯೋಜಕಿಯಾಗಿ ಹಲವು ವರ್ಷ ಈ ಕೆಲಸ ಮಾಡಿದ್ದೇನೆ. ಇಂಥ ಸಭೆಗಳಲ್ಲಿ ಮೊದಲು ಏಳುವ ಪ್ರಶ್ನೆ ಯಾವುದೆಂದು ನನಗೆ ಗೊತ್ತು. "ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟವರನ್ನು ಒಳಗೆ ಹಾಕಿಸಲು ನಾವು ಠಾಣೆ, ಕೋರ್ಟು ಅಂತ ಚಪ್ಪಲಿ ಸವೆಸಿದ್ದೇವೆ. ನೀವು ಅವರಿಗೇ ಹೋಗಿ ಬಿ.ಎ. ಪಾಠ ಹೇಳುತ್ತೀರಾ?"

ಕೇಳಲೇಬೇಕಾದ ಪ್ರಶ್ನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹೆಸರಿಗಷ್ಟೇ ಇದ್ದ ಕಾಲದಲ್ಲಿ ಹೆಂಗಸರು ಬೀದಿಗಿಳಿದು ಹೋರಾಡಿದ್ದರಿಂದಲೇ 1983ರಲ್ಲಿ 498-ಎ, 1986ರಲ್ಲಿ 304-ಬಿ ಬಂದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ, ಕ್ರೌರ್ಯಕ್ಕೆ 85 ಮತ್ತು 86ನೆಯ ಕಲಮು, ವರದಕ್ಷಿಣೆ ಸಾವಿಗೆ 80ನೆಯ ಕಲಮು ಎಂದಾಗಿದೆ. ವರದಕ್ಷಿಣೆ ಸಾವಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಆ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗಲಿ ಎಂದು ನಾನು ಹೇಳುವವಳಲ್ಲ. ಆದರೆ ನ್ಯಾಯಾಲಯ ಕೊಡುವ ಶಿಕ್ಷೆ ಕೂಡಿಹಾಕುವುದು. ಅಕ್ಷರವನ್ನು ಕಿತ್ತುಕೊಳ್ಳಬೇಕೆಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

ಮಹಿಳಾ ಬ್ಯಾರಕ್‌ನಲ್ಲಿ ಯಾರು ಇರುತ್ತಾರೆಂದೂ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5 ಲಕ್ಷ 73 ಸಾವಿರ ಜನರಿದ್ದರು. ಅವರಲ್ಲಿ ಹೆಂಗಸರು 24 ಸಾವಿರಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ನೂರಕ್ಕೆ ನಾಲ್ವರು. ಒಟ್ಟು ಬಂದಿಗಳಲ್ಲಿ ನಾಲ್ವರಿಗೆ ಮೂವರು ವಿಚಾರಣಾಧೀನರು. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ನನ್ನ ವಿದ್ಯಾರ್ಥಿನಿಯರಲ್ಲಿ ಮೂರು ಬಗೆಯವರಿದ್ದರು. ಸೊಸೆಯ ಸಾವಿನ ಪ್ರಕರಣದಲ್ಲಿ ಬಂದ ಅತ್ತೆ, ನಾದಿನಿಯರು. ವರ್ಷಗಟ್ಟಲೆ ಏಟು ತಿಂದು ಕೊನೆಗೊಂದು ದಿನ ಗಂಡನ ಮೇಲೆ ಕೈ ಎತ್ತಿದವರು. ಗಂಡನೋ ಅಣ್ಣನೋ ಮಾಡಿದ ಕೆಲಸಕ್ಕೆ ಜೊತೆ ಆರೋಪಿಯಾಗಿ ಬಂದವರು. ಮೂವರನ್ನೂ ಒಂದೇ ಬ್ಯಾರಕ್‌ನಲ್ಲಿ ಮಲಗಿಸುತ್ತಾರೆ. ಮೂವರಿಗೂ ಒಂದು ಮಾತು ಸಮಾನ. ಬಂಧನವಾದ ಮೇಲೆ ಗಂಡನ ಮನೆಯ ಬಾಗಿಲು ಮುಚ್ಚುತ್ತದೆ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ತವರಿನದೂ ಮುಚ್ಚುತ್ತದೆ. ಗಂಡಸು ಜೈಲಿಗೆ ಹೋದರೆ ಹೆಂಡತಿ ಸಾಲ ಮಾಡಿಯಾದರೂ ಬಸ್ಸು ಹತ್ತಿ ಸಂದರ್ಶನಕ್ಕೆ ಬರುತ್ತಾಳೆ. ಹೆಂಗಸು ಹೋದರೆ ಬರುವವರು ಅಪರೂಪ.

ಎರಡನೆಯ ಬಗೆಯವರ ವಿಷಯಕ್ಕೆ ಎಲ್ಲರಿಗೂ ತಿಳಿದ ಒಂದು ಪ್ರಕರಣ ಹೇಳುತ್ತೇನೆ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಮದುವೆಯಾಗಿ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಗಂಡನ ಹಿಂಸೆ ಅನುಭವಿಸಿ 1989ರಲ್ಲಿ ಅವನಿಗೆ ಬೆಂಕಿ ಹಚ್ಚಿದರು. ಜೀವಾವಧಿ ಶಿಕ್ಷೆಯಾಯಿತು. ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಬೆನ್ನಿಗೆ ನಿಂತು ಹೋರಾಡಿತು. 1992ರಲ್ಲಿ ಕೊಲೆಯ ತೀರ್ಪು ರದ್ದಾಗಿ ಅವರು ಹೊರಬಂದರು. ಇಂಗ್ಲಿಷ್ ಸರಿಯಾಗಿ ಬಾರದಿದ್ದ ಆಕೆ ಅದನ್ನು ಕಲಿತದ್ದು ಜೈಲಿನಲ್ಲಿ. ಮುಂದೆ ತಮ್ಮ ಕಥೆಯನ್ನು ಪುಸ್ತಕವಾಗಿ ತಂದರು. ಒಳಗೆ ಕಲಿಕೆ, ಹೊರಗೆ ಸಂಘಟನೆ, ಎರಡೂ ಸೇರಿದ್ದರಿಂದ ಆಕೆಯ ಮಾತು ಹೊರಗೆ ಕೇಳಿಸಿತು. ಇವೆರಡರಲ್ಲಿ ಸಂಘಟನೆಯ ಪಾಲು ನಮ್ಮದು. ಅದಕ್ಕೇ ನಿಮ್ಮ ಮುಂದೆ ಈ ಮಾತು.

ಈಗ ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲೇ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುವಾಗಿತ್ತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ದೇಶಮಟ್ಟದಲ್ಲಿ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ ಬಂತು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನೊಳಗೆ ಇಗ್ನೊ ಅಧ್ಯಯನ ಕೇಂದ್ರ ತೆರೆಯಿತು. ಆಮೇಲೆ ಬೇರೆ ರಾಜ್ಯಗಳ ಜೈಲುಗಳಲ್ಲೂ ಇಂಥ ಕೇಂದ್ರಗಳಾದವು. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಬಂದಿಗಳ ಶಿಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಬಂದಿಗಳಿಗೆ ಶುಲ್ಕ ವಿನಾಯಿತಿ ಕೊಡುವ ಪದ್ಧತಿಯನ್ನೂ ಇಗ್ನೊ ಇಟ್ಟುಕೊಂಡು ಬಂದಿದೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ.

ಆದರೆ ಇಗ್ನೊದ ಪಠ್ಯ ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡದಲ್ಲೇ ಓದಿದ ನಮ್ಮ ಹುಡುಗಿಯರಿಗೆ ರಾಜ್ಯದ ಮುಕ್ತ ವಿಶ್ವವಿದ್ಯಾಲಯವೇ ಅನುಕೂಲ. ಅದಕ್ಕೂ 2013-14ರಿಂದ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿ, 2018ರಲ್ಲಿ ಮತ್ತೆ ಮಾನ್ಯತೆ ಕೊಟ್ಟಿತು. ಆದ್ದರಿಂದ ಯಾವುದೇ ದೂರಶಿಕ್ಷಣಕ್ಕೆ ಸೇರಿಸುವ ಮುಂಚೆ ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂದು ಕೇಳಿಕೊಳ್ಳಿ. ನಿಮ್ಮ ಮಗಳಿಗೂ ಇದು ಅನ್ವಯಿಸುತ್ತದೆ.

ಹೊರಗಿನವರು ತಿಳಿದಿರುವುದು ಸಂಯೋಜಕಿಯ ಕೆಲಸ ಪಾಠ ಮಾಡುವುದೆಂದು. ನನ್ನ ಹೆಚ್ಚಿನ ಸಮಯ ಹೋದದ್ದು ಕಾಗದಪತ್ರ ಹುಡುಕುವುದರಲ್ಲಿ. ಪ್ರವೇಶಕ್ಕೆ ಅಂಕಪಟ್ಟಿ ಬೇಕು. ಅಂಕಪಟ್ಟಿ ಎಲ್ಲಿ? ಗಂಡನ ಮನೆಯ ಬೀರುವಿನಲ್ಲಿ. ಬೀರುವಿನ ಬೀಗದ ಕೈ ಎದುರು ಪಕ್ಷದವರ ಹತ್ತಿರ. ಕೆಲವರ ಮನೆಯಲ್ಲಿ ಅದನ್ನು ಮದುವೆಯಾದ ವರ್ಷವೇ ಹರಿದು ಒಲೆಗೆ ಹಾಕಿದ್ದರು, "ಓದಿದ ಸೊಕ್ಕು" ಇಳಿಯಲಿ ಎಂದು. ಒಡವೆ ಕಸಿದುಕೊಂಡದ್ದನ್ನು ದೂರಿನಲ್ಲಿ ಬರೆಸುತ್ತೇವೆ. ಅಂಕಪಟ್ಟಿ ಕಸಿದುಕೊಂಡದ್ದನ್ನು ಬರೆಸಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ.

ನಕಲು ಅಂಕಪಟ್ಟಿ ತರಿಸಬಹುದು. ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ಕಳೆದುಹೋಗಿದೆ ಎಂಬ ಅಫಿಡವಿಟ್ ಬೇಕು, ಶುಲ್ಕ ಕಟ್ಟಬೇಕು. ಹೊರಗಿರುವವರಿಗೆ ಇದು ಎರಡು ಮೂರು ಸಲದ ಓಡಾಟ. ಒಳಗಿರುವವಳಿಗೆ ಯಾರಾದರೂ ಓಡಾಡಿಕೊಟ್ಟರೆ ಮಾತ್ರ ಉಂಟು. ಈಚಿನ ವರ್ಷಗಳ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ ಎನ್ನುತ್ತಾರೆ. ನಿಜ. ಆದರೆ ಅದನ್ನು ತೆಗೆಯಲು ಮೊಬೈಲಿಗೆ ಓಟಿಪಿ ಬರಬೇಕು, ಬ್ಯಾರಕ್‌ನಲ್ಲಿ ಮೊಬೈಲ್ ಇಲ್ಲ. ಹೊರಗೆ ಆ ನಂಬರು ಹಲವರ ವಿಷಯದಲ್ಲಿ ಗಂಡನದೇ ಆಗಿರುತ್ತದೆ.

ಹೆಸರಿನದು ಇನ್ನೊಂದು ತೊಡಕು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು. ಎಫ್‌ಐಆರ್‌ನಲ್ಲಿ, ಜೈಲಿನ ರಿಜಿಸ್ಟರಿನಲ್ಲಿ ಇಂಥವಳು "ಕೋಂ" ಇಂಥವನು. ಗಂಡನನ್ನು ಕೊಂದ ಆರೋಪದ ಮೇಲೆ ಒಳಗೆ ಬಂದವಳ ಹೆಸರಿಗೂ ಅದೇ ಗಂಡನ ಹೆಸರು ಅಂಟಿಕೊಂಡಿರುತ್ತದೆ. ಇವಳೂ ಅವಳೂ ಒಬ್ಬಳೇ ಎಂದು ಸೂಪರಿಂಟೆಂಡೆಂಟರು ದೃಢೀಕರಿಸಿ ಮೊಹರು ಒತ್ತಿಕೊಟ್ಟರೆ ಅರ್ಜಿ ಮುಂದೆ ಹೋಗುತ್ತದೆ.

ಅರ್ಜಿ ಒಪ್ಪಿಗೆಯಾದ ಮೇಲೆ ಅಂಚೆಯಲ್ಲಿ ಪುಸ್ತಕ ಬರುತ್ತದೆ. ಗೇಟಿನಲ್ಲಿ ಪುಟಪುಟ ತಿರುವಿ ನೋಡಿ ಒಳಗೆ ಬಿಡುತ್ತಾರೆ. ಜೈಲು ಎಂಬುದು ಗಂಡಸರ ಲೆಕ್ಕದಲ್ಲಿ ಕಟ್ಟಿದ ಕಟ್ಟಡ. ಗ್ರಂಥಾಲಯ, ತರಗತಿ ಕೋಣೆ ಅವರ ಕಡೆಗೆ. ಹೆಂಗಸರು ಅತ್ತ ಹೋಗುವಂತಿಲ್ಲ. ಹಾಗಾಗಿ ಅದೇ ಪಾಠ ಎರಡು ಸಲ ಮಾಡಬೇಕು, ಹೆಂಗಸರ ಕಡೆ ವರಾಂಡದಲ್ಲಿ ಚಾಪೆ ಹಾಸಿಕೊಂಡು. ಮಹಿಳಾ ವಾರ್ಡರ್ ರಜೆಯಲ್ಲಿದ್ದರೆ ಆ ದಿನ ಪಾಠವಿಲ್ಲ. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಒಳಗಿರಬಹುದೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ಆ ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೆಲವರು ನೋಟ್ಸ್ ಬರೆಯುತ್ತಿದ್ದರು.

ಇಗ್ನೊ ಬಿ.ಎ. ಲೆಕ್ಕದಲ್ಲಿ ನೂರಕ್ಕೆ ಮೂವತ್ತು ಅಂಕ ಬರೆದುಕೊಡುವ ನಿಯೋಜಿತ ಕೆಲಸಕ್ಕೆ, ಎಪ್ಪತ್ತು ಪರೀಕ್ಷೆಗೆ. ಜೂನ್, ಡಿಸೆಂಬರ್‌ನಲ್ಲಿ ಪರೀಕ್ಷೆ. ಅದೇ ದಿನ ಕೋರ್ಟಿನ ತಾರೀಖು ಬಿದ್ದರೆ ಒಂದು ಪತ್ರಿಕೆ ಆರು ತಿಂಗಳು ಹಿಂದೆ ಬೀಳುತ್ತದೆ. ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಬಹುದೆಂಬ ನಿಯಮ ಈ ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಆಸರೆಯಾಗಿತ್ತು. ಜಾಮೀನು ಸಿಕ್ಕಿದರೆ ಸಂತೋಷ, ಆದರೆ ಓದು ಅಲ್ಲಿಗೇ ನಿಲ್ಲುವುದೇ ಹೆಚ್ಚು. ನೋಂದಣಿ ಸಂಖ್ಯೆ ಅವಳದೇ, ಬೇರೆ ಊರಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಹಾಗೆಂದು ನೆನಪಿಸುವವರು ಹೊರಗೆ ಯಾರೂ ಇರುವುದಿಲ್ಲ.

ಮೊದಲಿನ ಪ್ರಶ್ನೆಗೆ ಈಗ ಮತ್ತೆ ಬರುತ್ತೇನೆ. ಅತ್ತಿಗೆಯ ಸಾವಿನ ಪ್ರಕರಣದಲ್ಲಿ ಮನೆಯವರೆಲ್ಲರ ಜೊತೆ ಬಂದ ಒಬ್ಬ ಹುಡುಗಿ ನನ್ನಲ್ಲಿ ಓದಿದಳು. ಅವಳ ಒಪ್ಪಿಗೆ ಕೇಳಿಯೇ, ಗುರುತು ಬಿಟ್ಟು ಹೇಳುತ್ತಿದ್ದೇನೆ. ಪ್ರಕರಣ ಈಗ ಮುಗಿದಿದೆ. ಸಮಾಜಶಾಸ್ತ್ರದ ನಿಯೋಜಿತ ಕೆಲಸದಲ್ಲಿ ವರದಕ್ಷಿಣೆಯ ಮೇಲೆ ಒಂದು ಪ್ರಶ್ನೆಯಿತ್ತು. "ಮೇಡಂ, ಇದನ್ನು ಬಿಡಬಹುದಾ?" ಎಂದು ಕೇಳಿದಳು. "ಬಿಡಬಹುದಮ್ಮ, ಬೇರೆ ಪ್ರಶ್ನೆಗಳಿವೆಯಲ್ಲ" ಎಂದೆ. ತಿಂಗಳಾದ ಮೇಲೆ ಉತ್ತರ ಪತ್ರಿಕೆ ಬಂದಾಗ ನೋಡಿದರೆ ಅದನ್ನೇ ಬರೆದಿದ್ದಳು. ಮೊದಲು ಪುಸ್ತಕದಲ್ಲಿದ್ದಂತೆ ಕಾರಣ, ಕಾನೂನು. ಆಮೇಲೆ ಅವರ ಮನೆಗೆ ಬಂದದ್ದರ ಪಟ್ಟಿ: ಇಷ್ಟು ತೊಲ, ಇಷ್ಟು ನಗದು, ಒಂದು ಸ್ಕೂಟರ್. "ಆ ಸ್ಕೂಟರಿನಲ್ಲಿ ನಾನು ಎರಡು ವರ್ಷ ಕಾಲೇಜಿಗೆ ಹೋದೆ. ಅತ್ತಿಗೆ ಪಿಯುಸಿ ಪಾಸಾಗಿದ್ದರು, ಅವರು ಯಾಕೆ ಕಾಲೇಜಿಗೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ" ಎಂದು ಬರೆದಿದ್ದಳು. ಪಠ್ಯಕ್ಕೆ ತಕ್ಕಷ್ಟು ಅಂಕ ಕೊಟ್ಟು ವಾಪಸು ಕಳಿಸಿದೆ.

ಸತ್ತ ಆ ಹುಡುಗಿಗೆ ಇದರಿಂದ ಏನೂ ಬರುವುದಿಲ್ಲ. ಅವಳ ತಾಯಿಗೆ ಸಮಾಧಾನವೂ ಆಗಲಾರದು. ಆದರೆ ಶಿಕ್ಷೆ ಮುಗಿಸಿ ಹೊರಬರುವ ಈ ಹೆಂಗಸರು ನಾಳೆ ಇನ್ನೊಂದು ಮನೆಯಲ್ಲಿ ಅತ್ತೆ, ನಾದಿನಿ, ಓರಗಿತ್ತಿಯರೇ. ಅಲ್ಲಿ ಇನ್ನೊಬ್ಬ ಹುಡುಗಿ ಒಳಗೆ ಕಾಲಿಟ್ಟಾಗ ಇವಳು ಏನು ಮಾಡುತ್ತಾಳೆ ಎಂಬುದು ನಮ್ಮ ಚಳವಳಿಗೂ ಸಂಬಂಧಪಟ್ಟ ವಿಷಯ. ಬರಿಯ ಕೂಡಿಹಾಕುವಿಕೆ ಅದನ್ನು ಕಲಿಸುವುದನ್ನು ನಾನು ಕಂಡಿಲ್ಲ.

ಪದವಿಯಿಂದ ಕೆಲಸ ಸಿಗುತ್ತದೆಯೇ ಎಂದು ಕೇಳುತ್ತೀರಿ. ಸುಳ್ಳು ಭರವಸೆ ಕೊಡಲಾರೆ. ಶಿಕ್ಷೆಯಾದವರಿಗೆ ಸರ್ಕಾರಿ ನೌಕರಿ ಕಷ್ಟ, ಪೊಲೀಸ್ ಪರಿಶೀಲನೆ ಅಡ್ಡ ಬರುತ್ತದೆ. ಆದರೆ ಪದವಿ ಪತ್ರದಲ್ಲಿ ಜೈಲಿನ ಹೆಸರು ಇರುವುದಿಲ್ಲ. ಅದಕ್ಕಿಂತ ಮುಖ್ಯ, ತನ್ನ ದೋಷಾರೋಪ ಪಟ್ಟಿಯನ್ನು ತಾನೇ ಓದಲು, ಮೇಲ್ಮನವಿಗೆ ವಕೀಲರು ಬೇಕೆಂದು ಕಾನೂನು ಸೇವಾ ಪ್ರಾಧಿಕಾರಕ್ಕೆ ತಾನೇ ಅರ್ಜಿ ಬರೆಯಲು ಅವಳಿಗೆ ಬರುತ್ತದೆ. 1987ರ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಹೆಣ್ಣಾಗಿರುವುದೊಂದೇ ಉಚಿತ ವಕೀಲರಿಗೆ ಸಾಕು, ಆದಾಯ ಕೇಳುವಂತಿಲ್ಲ. ಬಂದಿಯಾಗಿರುವುದೂ ಹಾಗೆಯೇ. ಇದು ಗೊತ್ತಿಲ್ಲದೆ ಮಾಂಗಲ್ಯ ಮಾರಿ ವಕೀಲರಿಗೆ ಕೊಟ್ಟವರನ್ನು ನೋಡಿದ್ದೇನೆ.

ಸಂಘದಿಂದ ಏನು ಮಾಡಬಹುದು?

ಮೊದಲನೆಯದು ನಿಮ್ಮ ಮನೆಯಲ್ಲೇ. ಮಗಳ ಮದುವೆಗೆ ಮುಂಚೆ ಅವಳ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರ ದೃಢೀಕೃತ ಪ್ರತಿ ಮಾಡಿಸಿ. ಮೂಲ ಪ್ರತಿ ಅವಳ ವಶದಲ್ಲಿರಲಿ, ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಲಿ. ಆಧಾರಿಗೆ ಅವಳದೇ ಫೋನ್ ನಂಬರು ಇರಲಿ.

ಎರಡನೆಯದು, ಗಂಡನ ಮನೆಯಿಂದ ಹೊರಬಿದ್ದವಳ ದೂರು ಬರೆಸುವಾಗ ಒಡವೆ, ಪಾತ್ರೆಯ ಪಟ್ಟಿಯಲ್ಲಿ ಅಂಕಪಟ್ಟಿಯನ್ನೂ ಸೇರಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೆಯ ಕಲಮಿನಡಿ ಸ್ತ್ರೀಧನವನ್ನೂ ಅವಳಿಗೆ ಸೇರಬೇಕಾದ ಇತರ ವಸ್ತುಗಳನ್ನೂ ಹಿಂತಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ನಮ್ಮ ರಾಜ್ಯದಲ್ಲಿ ಸಿಡಿಪಿಓ ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕೆಲಸಕ್ಕೆಂದು ನೀವು ಹೋಗುವ ಅದೇ ಕಚೇರಿ.

ಮೂರನೆಯದು, ನಿಮ್ಮ ಊರಿನ ಹೆಣ್ಣು ಯಾರಾದರೂ ಜೈಲಿನಲ್ಲಿದ್ದರೆ ಸಂಘದಿಂದ ಒಂದು ಕಾಗದ ಬರೆಯಿರಿ. ಅವಳು ಓದಿದ ಶಾಲೆ ನಿಮ್ಮೂರಿನದೇ ಆಗಿರುತ್ತದೆ. ನಕಲು ಅಂಕಪಟ್ಟಿಗೆ ಮುಖ್ಯೋಪಾಧ್ಯಾಯರನ್ನು ಕಾಣುವುದು ನಿಮಗೆ ಅರ್ಧ ದಿನದ ಕೆಲಸ. ನನಗೆ ಅದಕ್ಕೇ ಎಷ್ಟೋ ಸಲ ವರ್ಷ ಹಿಡಿದದ್ದುಂಟು. ಅವಳು ತಪ್ಪು ಮಾಡಿದ್ದಾಳೋ ಇಲ್ಲವೋ ಎಂದು ನೀವು ತೀರ್ಮಾನಿಸಬೇಕಾಗಿಲ್ಲ. ಅದಕ್ಕೆ ಕೋರ್ಟಿದೆ.

ನಾಲ್ಕನೆಯದು, ಅವಳು ಹೊರಗೆ ಬಂದ ದಿನ. ಉಳಿತಾಯದ ಪುಸ್ತಕದಲ್ಲಿ ಅವಳ ಹೆಸರು ಬರೆದುಕೊಳ್ಳುತ್ತೀರಾ? ವಾರದ ಸಭೆಗೆ ಕರೆಯುತ್ತೀರಾ? ಮೊದಲ ದಿನ ಪಕ್ಕದಲ್ಲಿ ಕೂರಲು ಹಿಂಜರಿಯುವವರಿರುತ್ತಾರೆ. ಸಂಘದ ಲೆಕ್ಕ ಬರೆಯಲು ಓದಿದ ಹೆಂಗಸು ಬೇಕು ಎಂದು ಪ್ರತಿ ವರ್ಷ ಹುಡುಕುತ್ತೀರಿ. ಅವಳಿಗೆ ಲೆಕ್ಕ ಬರುತ್ತದೆ.

ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಇವತ್ತು ಮನೆಗೆ ಹೋದವರು ಮಗಳ ಅಂಕಪಟ್ಟಿ, ಸೊಸೆಯ ಅಂಕಪಟ್ಟಿ ಎರಡೂ ಎಲ್ಲಿವೆ, ಯಾರ ಬೀಗದಲ್ಲಿವೆ ಎಂದು ನೋಡಿ. ಸೊಸೆಯದು ನಿಮ್ಮ ಬೀಗದಲ್ಲಿದ್ದರೆ ಅವಳ ಕೈಗೆ ಕೊಡಿ.