ಬೆಕ್ಕಿನ ಮಧುಮೇಹ ಮತ್ತು ಮನೆಯ ಆರೈಕೆ
(ಫೊಯರ್‌ಬಾಕ್‌ನಲ್ಲಿ ಮಾಡಿದ ಉಪನ್ಯಾಸದ ಪಾಠ)



ಮಧುಮೇಹವನ್ನು ಕುರಿತು ಮಾತನಾಡಬೇಕೆಂದು ಸಂಘದವರು ಕೇಳಿದಾಗ, ಮನುಷ್ಯರ ಮಧುಮೇಹವನ್ನು ಕುರಿತು ತಾವೆಲ್ಲರೂ ಬೇಕಾದಷ್ಟು ಕೇಳಿದ್ದೀರಿ, ಈ ಬಾರಿ ಬೆಕ್ಕಿನ ಮಧುಮೇಹವನ್ನು ಕುರಿತು ಹೇಳುತ್ತೇವೆ ಎಂದೆವು. ಕೇಳಿದವರು ನಕ್ಕರು. ಆದರೆ ಮರುವಾರವೇ ಎರಡು ಮನೆಯವರು ಪ್ರತ್ಯೇಕವಾಗಿ ಬಂದು, ತಮ್ಮ ಬೆಕ್ಕೂ ಈಚೆಗೆ ವಿಪರೀತವಾಗಿ ನೀರು ಕುಡಿಯುತ್ತಿದೆ, ಏನಿರಬಹುದು ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ನಾವು ಪಶುವೈದ್ಯರಲ್ಲ. ಮನುಷ್ಯರಿಗೆ ಇನ್ಸುಲಿನ್ ಬರೆದುಕೊಡುತ್ತ ತಲೆ ನರೆಸಿಕೊಂಡವರು. ಬೆಕ್ಕಿನ ವಿಷಯದಲ್ಲಿ ನಮಗೆ ಇರುವುದು ರೋಗಿಯ ಮನೆಯವರ ಅನುಭವ ಮಾತ್ರ.

ನಮ್ಮ ಬೆಕ್ಕಿನ ಹೆಸರು ಗುಂಡ. ಹೆಸರಿಗೆ ತಕ್ಕ ಮೈ. ಬೀಜ ತೆಗೆಸಿದ ಗಂಡು, ಒಂಬತ್ತು ವರ್ಷ, ಏಳು ಕಿಲೋ ತೂಕ, ದಿನವಿಡೀ ಹೀಟರಿನ ಪಕ್ಕದಲ್ಲಿ ನಿದ್ದೆ. ಮಧುಮೇಹ ಹುಡುಕಿಕೊಂಡು ಬರುವುದು ಇಂಥ ಬೆಕ್ಕುಗಳನ್ನೇ. ಮೊದಲು ಸ್ನಾನದ ಮನೆಯ ನಲ್ಲಿಯ ಬಳಿ ಕಾದು ಕುಳಿತುಕೊಳ್ಳತೊಡಗಿದ. ಮರಳಿನ ತಟ್ಟೆಯನ್ನು ದಿನಕ್ಕೆರಡು ಬಾರಿ ಬದಲಿಸಬೇಕಾಯಿತು. ತಿನ್ನುವುದು ಹೆಚ್ಚಿದರೂ ಬೆನ್ನುಮೂಳೆ ಕೈಗೆ ಸಿಕ್ಕತೊಡಗಿತು. ಕಡೆಗೆ, ಬೆರಳ ತುದಿಯಲ್ಲಿ ನಡೆಯಬೇಕಾದ ಪ್ರಾಣಿ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯಿತು. ಇದು ನರಗಳಿಗೆ ತಗುಲಿದ ಪೆಟ್ಟು. ನಮ್ಮ ಬಳಿ ಬರುವ ರೋಗಿಗಳು ಪಾದ ಮರಗಟ್ಟಿದೆ ಎನ್ನುತ್ತಾರಲ್ಲ, ಅದರ ಬೆಕ್ಕಿನ ರೂಪ. ಮನುಷ್ಯರಲ್ಲಿ ಕ್ಷಣದಲ್ಲಿ ಗುರುತಿಸುವ ಲಕ್ಷಣಗಳನ್ನು ಸ್ವಂತ ಮನೆಯಲ್ಲಿ ಎರಡು ತಿಂಗಳು ನೋಡಿಯೂ ಕಾಣದೆಹೋದೆವು.

ಪಶುವೈದ್ಯೆ ರಕ್ತದ ಸಕ್ಕರೆಯೊಂದನ್ನೇ ನಂಬಲಿಲ್ಲ. ಬೆಕ್ಕು ಹೆದರಿದರೂ ಸಾಕು, ಸಕ್ಕರೆ ಮುನ್ನೂರು ಮುಟ್ಟಬಹುದು. ಆದ್ದರಿಂದ ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೀನ್ ಪರೀಕ್ಷೆಯನ್ನೂ ಮಾಡಿಸಿದರು. ತುರಿಕೆಗೆಂದು ಸ್ಟಿರಾಯ್ಡ್ ಕೊಡಿಸಿದ್ದಿರೋ ಎಂದೂ ಕೇಳಿದರು, ಏಕೆಂದರೆ ಅದರಿಂದಲೂ ಈ ರೋಗ ತಲೆಯೆತ್ತುವುದುಂಟು. ಬೆಕ್ಕಿನ ಮಧುಮೇಹ ಬಹುಮಟ್ಟಿಗೆ ನಮ್ಮ ನಡುವಯಸ್ಸಿನವರ ಎರಡನೆಯ ಬಗೆಯ ಮಧುಮೇಹವನ್ನೇ ಹೋಲುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಜೀವಕೋಶಗಳ ಸುತ್ತ ಅಮಿಲಾಯ್ಡ್ ಎಂಬ ವಸ್ತು ಶೇಖರವಾಗುವುದು ಮನುಷ್ಯನಲ್ಲೂ ಬೆಕ್ಕಿನಲ್ಲೂ ಉಂಟು, ನಾಯಿಯಲ್ಲಿಲ್ಲ.

ಈ ರೋಗದ ತಿಳಿವಿಗೆ ಪ್ರಾಣಿಗಳ ಋಣ ದೊಡ್ಡದು. ಇಲ್ಲಿಂದ ಕಾರಿನಲ್ಲಿ ಎರಡು ಗಂಟೆಯ ಹಾದಿಯ ಸ್ಟ್ರಾಸ್‌ಬುರ್ಗಿನಲ್ಲಿ, 1889ರಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬಿಬ್ಬರು ನಾಯಿಯ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ರೋಗದ ನೆಲೆ ತಿಳಿದದ್ದು ಹಾಗೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಯೋಗ ನಡೆಸಿದ್ದೂ ನಾಯಿಗಳ ಮೇಲೆಯೇ. 1922ರ ಜನವರಿಯಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಲಾಯಿತು. ಆಮೇಲೆ ಆರು ದಶಕಗಳ ಕಾಲ ನಮ್ಮ ಹಿರಿಯರನ್ನು ಬದುಕಿಸಿದ್ದು ಹಂದಿ ಮತ್ತು ದನಗಳ ಇನ್ಸುಲಿನ್. ಬೆಕ್ಕಿನ ಇನ್ಸುಲಿನ್ನಿಗೂ ದನದ ಇನ್ಸುಲಿನ್ನಿಗೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ.

ಇನ್ನು ಆಹಾರ. ನಮ್ಮಂಥವರ ಮನೆಗಳಲ್ಲಿ ತೊಡಕು ಇರುವುದು ಇಲ್ಲಿಯೇ. ಊರಿನಲ್ಲಿ ಬೆಕ್ಕಿಗೆ ಹಾಲನ್ನ ಕಲಸಿಟ್ಟು ಬೆಳೆದವರು ನಾವು. ಅಲ್ಲಿಯ ಬೆಕ್ಕು ಹಾಲನ್ನ ತಿಂದು, ಉಳಿದದ್ದನ್ನು ಅಟ್ಟದ ಇಲಿಗಳಿಂದ ಭರ್ತಿ ಮಾಡಿಕೊಳ್ಳುತ್ತಿತ್ತು ಎಂಬುದು ನಮಗೆ ಹೊಳೆಯಲಿಲ್ಲ. ಫ್ಲ್ಯಾಟಿನ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಗುಂಡನಿಗೆ ಮೊಸರನ್ನ, ಅಂಗಡಿಯ ಒಣ ಕಾಳು, ಇವೇ ಆಹಾರ. ಬೆಕ್ಕು ಮಾಂಸವನ್ನೇ ನೆಚ್ಚಿದ ಪ್ರಾಣಿ. ಅದಕ್ಕೆ ಬೇಕಾದ ಟಾರೀನ್ ಸಸ್ಯಗಳಲ್ಲಿ ಇಲ್ಲವೆನ್ನಬೇಕು, ಪಿಷ್ಟವನ್ನು ನಿಭಾಯಿಸುವ ಶಕ್ತಿಯೂ ಅದರ ಯಕೃತ್ತಿಗೆ ಕಡಿಮೆ. ಪಿಷ್ಟ ಕಡಿಮೆಯಿರುವ ಡಬ್ಬಿಯ ಮಾಂಸವೇ ಚಿಕಿತ್ಸೆಯ ಅರ್ಧ ಭಾಗ ಎಂದು ವೈದ್ಯೆ ಹೇಳಿದಾಗ, ಮೂರು ತಲೆಮಾರಿನಿಂದ ಮೊಟ್ಟೆಯೂ ದಾಟದ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಒಂದು ವಾರ ವಾದ ನಡೆಯಿತು. ಕೊನೆಗೆ ಬಾಲ್ಕನಿಯ ಕಪಾಟಿನಲ್ಲಿ ಗುಂಡನ ಡಬ್ಬಿ, ಚಮಚ, ತಟ್ಟೆಗಳಿಗೆ ಸ್ಥಳವಾಯಿತು. ನಮ್ಮ ಮನೆಯವರೇ ಮೊದಲ ಡಬ್ಬಿಯನ್ನು ತೆರೆದರು, ಮುಖ ಆಚೆ ತಿರುಗಿಸಿಕೊಂಡು. ಒಂದು ಎಚ್ಚರಿಕೆ ಹೇಳಬೇಕು: ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರವನ್ನು ತಾವಾಗಿಯೇ ಬದಲಿಸಕೂಡದು. ಪಿಷ್ಟ ಇಳಿದರೆ ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ, ಹಳೆಯ ಪ್ರಮಾಣವೇ ವಿಷವಾದೀತು.

ಇಂಜೆಕ್ಷನ್ ಎಂಬ ಶಬ್ದ ಈ ಊರಿಗೆ ಹೊಸದಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋದಿಂದ ಇಲ್ಲಿಯ ಬಾಷ್ ಕಾರ್ಖಾನೆಗೆ ಬಂದ ಇಂಜಿನಿಯರುಗಳು ಡೀಸೆಲ್ ಪಂಪಿನಲ್ಲಿ ಹನಿಯ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಬಲ್ಲರು. ಬೆಕ್ಕಿನ ಲೆಕ್ಕ ಅದಕ್ಕಿಂತ ಸೂಕ್ಷ್ಮ. ಬೆಕ್ಕಿಗೆಂದು ದೊರೆಯುವ ಕ್ಯಾನಿನ್ಸುಲಿನ್, ಪ್ರೊಜಿಂಕ್ ಎಂಬ ಔಷಧಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್. ಇಲ್ಲಿ ಮನುಷ್ಯರು ಬಳಸುವ ಪೆನ್ನುಗಳಲ್ಲಿ ಸಾಮಾನ್ಯವಾಗಿ 100. ಸಿರಿಂಜುಗಳೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಬೆಕ್ಕಿನ ಔಷಧವನ್ನು 100ರ ಸಿರಿಂಜಿನಲ್ಲಿ ಎರಡರ ಗೆರೆಗೆ ಎಳೆದರೆ ಒಳಗೆ ಹೋಗುವುದು 0.8 ಯೂನಿಟ್ ಮಾತ್ರ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಐದು ಯೂನಿಟ್. ಊರಿನಿಂದ ಬರುವ ಅಪ್ಪ ಅಮ್ಮಂದಿರು 40ರ ಬುಡ್ಡಿಯನ್ನೂ ಕೆಂಪು ಮುಚ್ಚಳದ ಸಿರಿಂಜನ್ನೂ ತರುವುದುಂಟು. ಒಂದೇ ಫ್ರಿಜ್ಜಿನಲ್ಲಿ ಅಜ್ಜನದೂ ಬೆಕ್ಕಿನದೂ ಪಕ್ಕಪಕ್ಕದಲ್ಲಿ ಇರಬಾರದು.

ಚುಚ್ಚುವುದು ಕಷ್ಟವಲ್ಲ. ಹನ್ನೆರಡು ಗಂಟೆಗೊಮ್ಮೆ, ಬೆಕ್ಕು ತಿನ್ನುತ್ತಿರುವಾಗ, ಪಕ್ಕೆಯ ಚರ್ಮವನ್ನು ಎತ್ತಿ ಹಿಡಿದು ಚರ್ಮದಡಿಗೆ. ಕ್ಯಾನಿನ್ಸುಲಿನ್ ಬುಡ್ಡಿಯನ್ನು ಚೆನ್ನಾಗಿ ಕುಲುಕಬೇಕು, ಪ್ರೊಜಿಂಕ್ ಬುಡ್ಡಿಯನ್ನು ಮೆಲ್ಲಗೆ ಉರುಳಿಸಬೇಕು. ಗುಂಡ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಅವನ ದೃಷ್ಟಿಯೆಲ್ಲ ತಟ್ಟೆಯ ಮೇಲೆ. ಊಟ ಮುಟ್ಟದ ದಿನ ಮಾತ್ರ ಎಂದಿನ ಪ್ರಮಾಣವನ್ನು ಚುಚ್ಚದೆ ವೈದ್ಯರನ್ನು ಕೇಳಬೇಕು.

ತಪ್ಪಾದದ್ದು ನಮ್ಮಿಂದಲೇ. ಒಂದು ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯವರು ಚುಚ್ಚಿ ಕೆಲಸಕ್ಕೆ ಹೋದರು. ರಾತ್ರಿಪಾಳಿ ಮುಗಿಸಿ ಏಳೂವರೆಗೆ ಬಂದ ನಾವು ಕೇಳದೆಯೇ ಮತ್ತೊಮ್ಮೆ ಚುಚ್ಚಿ ಮಲಗಿಬಿಟ್ಟೆವು. ಹನ್ನೊಂದು ಗಂಟೆಗೆ ಮಗಳು ಎಬ್ಬಿಸಿದಳು. ಗುಂಡ ಮಂಚದಡಿಯಲ್ಲಿ ತೂರಾಡುತ್ತಿದ್ದ, ಕಣ್ಣಪಾಪೆ ಅಗಲವಾಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಎಷ್ಟೋ ರೋಗಿಗಳಲ್ಲಿ ಈ ಸ್ಥಿತಿಯನ್ನು ಕಂಡ ಕೈಗಳು ಅಂದು ನಡುಗಿದವು. ವಸಡಿಗೆ ಜೇನುತುಪ್ಪವನ್ನು ಸವರಿದೆವು. ಗಂಟಲಿಗೆ ಹೊಯ್ಯಲಿಲ್ಲ, ಹೊಯ್ದರೆ ಶ್ವಾಸನಾಳಕ್ಕೆ ಹೋದೀತು. ಕೂಡಲೆ ಆಸ್ಪತ್ರೆಗೆ ಒಯ್ದೆವು. ಸಂಜೆಯವರೆಗೆ ಗ್ಲೂಕೋಸ್ ಡ್ರಿಪ್ ನಡೆದು ಜೀವ ಉಳಿಯಿತು. ಮಗಳು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಅಂದಿನಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಪುಸ್ತಕ ಕಟ್ಟಿದೆ: ಸಮಯ, ಪ್ರಮಾಣ, ಚುಚ್ಚಿದವರ ಸಹಿ. ಕೊಟ್ಟಿದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಕೊಡಬೇಡಿ. ಒಂದು ಹೊತ್ತು ತಪ್ಪಿದರೆ ಬೆಕ್ಕು ಸಾಯದು, ಎರಡಾದರೆ ಸಾಯಬಹುದು.

ಸಕ್ಕರೆಯನ್ನು ಮನೆಯಲ್ಲೇ ನೋಡಬಹುದು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ಸಾಕು. ಈ ಕ್ರಮವನ್ನು ಜ್ಯೂರಿಕ್ ವಿಶ್ವವಿದ್ಯಾನಿಲಯದ ಪಶುವೈದ್ಯರು 2000ದ ಸುಮಾರಿಗೆ ಬಳಕೆಗೆ ತಂದರು. ಮನುಷ್ಯರ ಮೀಟರು ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ, ಪ್ರಾಣಿಗಳ ಮೀಟರು ಬೇರೆಯೇ ಇದೆ. ಚುಚ್ಚಲಾರದವರಿಗೆ 2023ರಲ್ಲಿ ಯೂರೋಪಿನಲ್ಲಿ ಅನುಮತಿ ಪಡೆದ ವೆಲಾಗ್ಲಿಫ್ಲೋಜಿನ್ ಎಂಬ ಬಾಯಿಯ ಔಷಧವೂ ಇದೆ. ಎಲ್ಲ ಬೆಕ್ಕಿಗೂ ಅದು ಸಲ್ಲದು. ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತ ಆಮ್ಲೀಯವಾಗುವ ಅಪಾಯವಿರುವುದರಿಂದ ಮೊದಲ ವಾರಗಳಲ್ಲಿ ಕೀಟೋನ್ ಪರೀಕ್ಷೆ ತಪ್ಪಿಸಕೂಡದು.

ಊರಿನ ಹಿರಿಯರೊಬ್ಬರು ಫೋನಿನಲ್ಲಿ, ಒಂದು ಬೆಕ್ಕಿಗೆ ಇಷ್ಟೊಂದು ಏಕೆ, ಆಯಸ್ಸು ಮುಗಿದರೆ ಬಿಟ್ಟುಬಿಡಿ ಎಂದರು. ತಪ್ಪೆಂದು ಹೇಳಲಾರೆವು, ಅವರ ಔಷಧಕ್ಕೇ ಅಲ್ಲಿ ಎಷ್ಟೋ ತಿಂಗಳು ಹಣ ಹೊಂದಿಸಬೇಕಾಗಿತ್ತು. ಆದರೆ ನಾವು ಬಂದು ನೆಲಸಿದ ಊರು, ಪಾದ್ರಿ ಆಲ್ಬರ್ಟ್ ಕ್ನಾಪ್ ಜರ್ಮನಿಯ ಮೊತ್ತಮೊದಲ ಪ್ರಾಣಿದಯಾ ಸಂಘವನ್ನು 1837ರಲ್ಲಿ ಕಟ್ಟಿದ ಸ್ಟುಟ್‌ಗಾರ್ಟ್. ಸಕಾರಣವಿಲ್ಲದೆ ಸಾಕುಪ್ರಾಣಿಯನ್ನು ಕೊಲ್ಲುವುದು ಇಲ್ಲಿ ಅಪರಾಧ. 2002ರಲ್ಲಿ ಪ್ರಾಣಿರಕ್ಷಣೆ ಸಂವಿಧಾನಕ್ಕೂ ಸೇರಿತು. ಕಾನೂನು ಹಾಗಿರಲಿ, ಮಗಳಿಗೆ ಏನೆಂದು ಉತ್ತರ ಹೇಳುತ್ತಿದ್ದೆವು?

ರಜೆಗೆ ಊರಿಗೆ ಹೋಗುವಾಗ ಏನು ಮಾಡುವಿರಿ ಎಂದು ಕೇಳುತ್ತೀರಿ. ಕೆಳಗಿನ ಮನೆಯ ಜರ್ಮನ್ ಅಜ್ಜಿ ತಾವೂ ಇನ್ಸುಲಿನ್ ಚುಚ್ಚಿಕೊಳ್ಳುವವರು. ನಾವಿಲ್ಲದ ನಾಲ್ಕು ವಾರ ತಮ್ಮದಾದ ಮೇಲೆ ಗುಂಡನದು, ಪುಸ್ತಕದಲ್ಲಿ ದುಂಡಗಿನ ಸಹಿ. ಎಂಟು ತಿಂಗಳ ನಂತರ ಅವನಿಗೆ ಇನ್ಸುಲಿನ್ ಬೇಡವಾಯಿತು. ಬೇಗ ಹಿಡಿತಕ್ಕೆ ತಂದ ಬೆಕ್ಕುಗಳಲ್ಲಿ ಹೀಗಾಗುವುದುಂಟು. ಒಂದೂವರೆ ವರ್ಷದ ಮೇಲೆ ಮತ್ತೆ ನಲ್ಲಿಯ ಬಳಿ ಕುಳಿತ. ಈಗ ಪುನಃ ಹೊತ್ತಿಗೊಂದು ಯೂನಿಟ್. ಇಂದಿನದು ಸಂಜೆ ಏಳಕ್ಕೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ ಪ್ರಶ್ನೆಗಳನ್ನು ಆರೂವರೆಯೊಳಗೆ ಕೇಳಬೇಕಾಗಿ ವಿನಂತಿ.