ಕಿಟಕಿಯ ಪಕ್ಕದ ಸ್ಥಾನ



ಬಾಲ್ಯದಿಂದಲೂ ರೈಲಿನ ವೇಳಾಪಟ್ಟಿಯನ್ನು ಕಾವ್ಯದಂತೆ ಓದುತ್ತ, ಅದರೊಳಗಣ ಊರುಗಳಲ್ಲಿ ಬಹುಪಾಲನ್ನು ಕಣ್ಣಾರೆ ಕಾಣದೆಯೆ ವೃದ್ಧಾಪ್ಯವನ್ನು ಮುಟ್ಟಿದ ನನ್ನಂಥವನನ್ನು ಪ್ರವಾಸಗ್ರಂಥಗಳ ಈ ಪ್ರದರ್ಶನದ ಉದ್ಘಾಟನೆಗೆ ಕರೆದುದು ಉಚಿತವೋ ಅನುಚಿತವೋ ತಾವೇ ಬಲ್ಲಿರಿ. ಹೋದವನಿಗಿಂತ ಹೋಗದವನ ಹಂಬಲವೇ ದೊಡ್ಡದಾದುದರಿಂದ, ಆ ಮಟ್ಟಿಗೆ ನನಗೂ ಅಧಿಕಾರವುಂಟೆಂದು ಭಾವಿಸಿಕೊಂಡಿದ್ದೇನೆ.

ಈ ಹೈದರಾಬಾದ್ ನಗರದಿಂದ ಸುಮಾರು 150 ಕಿಲೋಮೀಟರು ದೂರದ ವೇಮುಲವಾಡದಲ್ಲಿ, ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ, ಕ್ರಿ.ಶ. 941ರ ಸುಮಾರಿಗೆ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನೆಂಬುದು ತಮಗೆ ವಿದಿತವೇ ಆಗಿದೆ. ತೆಲಂಗಾಣದ ಹೆಬ್ಬಂಡೆಗಳ ನಡುವೆ ಕುಳಿತ ಆ ಮಹಾಕವಿಯು, ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ದೂರದ ಬನವಾಸಿಗೆ ಕರೆತಂದು, ಆ ನಾಡಿನ ಚೆಲುವನ್ನು ಕುರಿತು ಅವನ ಬಾಯಿಂದ ಆಡಿಸಿದ ಮಾತುಗಳನ್ನು ನಾವು ತಾಯ್ನಾಡಿನ ಪ್ರೇಮವೆಂದು ಬಾಯಿಪಾಠ ಮಾಡುತ್ತ ಬಂದಿದ್ದೇವೆ. ಆದರೆ ಇಂದ್ರಪ್ರಸ್ಥದ ಅರ್ಜುನನಿಗೆ ಬನವಾಸಿಯು ತವರಲ್ಲ, ದಾರಿಯಲ್ಲಿ ಎದುರಾದ ನಾಡು! ನನ್ನ ಮನಸ್ಸಿಗೆ ತೋರುವಂತೆ ಅವು ಪಥಿಕನ ಪದ್ಯಗಳು. ನಡೆದು ದಣಿದ ಕಾಲುಗಳಿಗೆ ಮಾತ್ರ ಆ ನೆಳಲು ಅಷ್ಟು ತಂಪಾಗಿ ದೊರೆತೀತು. ಕವಿಯ ಮನೆತನವಾದರೂ ನಿಂತ ನೀರಲ್ಲ. ಪೂರ್ವಜರು ವೆಂಗಿನಾಡಿನವರು, ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಕೊರೆಯಿಸಿದ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ನುಡಿಗಳಲ್ಲಿದೆ. ಮೂರು ನುಡಿಗಳು ಒಂದೇ ಬಂಡೆಯ ಮೇಲೆ ಜಗಳವಿಲ್ಲದೆ ಕುಳಿತಿರುವುದನ್ನು ಈ ಕಾಲದಲ್ಲಿ ನೆನೆಯುವುದೂ ಒಂದು ಸಾಹಸವೆ ಸರಿ.

ರೈಲಿನ ಕಾಲದ ಪಥಿಕನ ಮಾತಿಗೆ ಬಂದರೆ, 1874ರಲ್ಲಿ ಸಿಕಂದರಾಬಾದಿನಿಂದ ರೈಲುಹಾದಿಯು ತೆರೆದು ಮುಂಬಯಿ-ಮದರಾಸುಗಳ ದಾರಿಯನ್ನು ಕೂಡಿಕೊಂಡುದು ಕಲಬುರಗಿ ಸೀಮೆಯ ವಾಡಿಯಲ್ಲಿ. ಹಾಗಾಗಿ ನಿಜಾಮರ ರಾಜಧಾನಿಯಿಂದ ರೈಲೇರಿ ಲೋಕವನ್ನು ನೋಡಲು ಹೊರಟವನು ಮೊದಲು ಒಂದು ಕನ್ನಡದ ಊರಿನಲ್ಲಿ ಬಂಡಿಯಿಳಿದು, ಗಂಟುಮೂಟೆಗಳನ್ನು ಕಾಯುತ್ತ, ಮುಂದಿನ ಬಂಡಿಯ ದಾರಿ ನೋಡಬೇಕಾಗಿತ್ತು. ರೈಲಿನವನ ಮಾತು ಹೀಗಾದರೆ, ಹಡಗೇರಿ ಆಕ್ಸ್‌ಫರ್ಡಿಗೆ ಹೋಗಿಬಂದು ‘ಸಮುದ್ರ ಗೀತೆಗಳು’ ಎಂಬ ಸಂಕಲನವನ್ನು ನಮಗಿತ್ತ ವಿನಾಯಕ ಕೃಷ್ಣ ಗೋಕಾಕರು ಮುಂದೆ ಕಡಲೇ ಇಲ್ಲದ ಈ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಹುಸೇನಸಾಗರದ ದಂಡೆಯಲ್ಲಿ ನಿಂತಾಗ ಅವರಿಗೆ ಏನು ನೆನಪಾಗುತ್ತಿದ್ದೀತೆಂದು ನಾನು ಹಲವು ಸಲ ಯೋಚಿಸಿದ್ದುಂಟು.

ಪ್ರವಾಸಗ್ರಂಥಗಳಲ್ಲಿ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ಹೊಗಳುವವರು ಬಹುಮಂದಿ. ನನ್ನ ಪಕ್ಷಪಾತವೋ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯ ಕಡೆಗೆ: ಅವರು ಹೋದುದು ಹಂಪೆಗೆ, ಅಷ್ಟೆ. ಮನೆಯಿಂದ ಎಷ್ಟು ದೂರ ಹೋದನೆಂಬುದರಿಂದಲ್ಲ, ಎಷ್ಟು ಕಣ್ತೆರೆದು ಹೋದನೆಂಬುದರಿಂದ ಯಾತ್ರಿಕನನ್ನು ಅಳೆಯಬೇಕೆಂದು ನಾನು ಕಲಿತುದು ಆ ಕಿರುಹೊತ್ತಗೆಯಿಂದ.

ದೀಪವನ್ನು ಬೆಳಗುವ ಮುನ್ನ ಒಂದು ಬಿನ್ನಹ. ಈ ಗ್ರಂಥಗಳನ್ನು ನೋಡಿದ ಮಕ್ಕಳನ್ನು ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಂಡು ವೇಮುಲವಾಡಕ್ಕೂ, ಕಾಲಲ್ಲಿ ಕಸುವಿದ್ದರೆ ಬೊಮ್ಮಲಗುಟ್ಟಕ್ಕೂ ಕರೆದೊಯ್ಯಿರಿ. ನಾನೂ ಬರುತ್ತೇನೆ, ಕಿಟಕಿಯ ಪಕ್ಕದ ಸ್ಥಾನವೊಂದನ್ನು ಮಾತ್ರ ನನಗೆ ಬಿಟ್ಟುಕೊಡಬೇಕು.