ಧ್ವಜವಂದನೆಯೂ ಮಕ್ಕಳ ಅಂತಃಕರಣವೂ

ಅಮೇರಿಕಾ ದೇಶದ ಸರಕಾರಿ ಶಾಲೆಗಳಲ್ಲಿ ಎದ್ದ ಒಂದು ವಾದವನ್ನು ಅರಿಕೆ ಮಾಡಿಕೊಳ್ಳುವೆನು. ದೇಶಭಕ್ತಿಯ ವಿಧಿಯಲ್ಲಿ ದೇವರ ಹೆಸರು ಸೇರಿದರೆ, ಅದನ್ನು ಉಚ್ಚರಿಸಲೊಲ್ಲದ ಮಗುವಿನ ಗತಿಯೇನು?

ಅಲ್ಲಿಯ ಮಕ್ಕಳು ಧ್ವಜದೆದುರು ನಿಂತು ಹೇಳುವ ಪ್ರತಿಜ್ಞೆಯನ್ನು 1892ರಲ್ಲಿ ರಚಿಸಿದವನು ಫ್ರಾನ್ಸಿಸ್ ಬೆಲ್ಲಮಿ. ಆತನು ಕ್ರೈಸ್ತ ಪಾದ್ರಿ. ಆದರೂ ಅದರಲ್ಲಿ ದೇವರ ಮಾತನ್ನೇ ಎತ್ತಲಿಲ್ಲವೆಂಬುದು ಗಮನಿಸತಕ್ಕದ್ದು.

ಯೆಹೋವನ ಸಾಕ್ಷಿಗಳೆಂಬ ಪಂಥದವರಿಗೆ ಧ್ವಜವಂದನೆಯೇ ವಿಗ್ರಹಾರಾಧನೆಯಾಗಿ ತೋರಿತು. ಪೆನ್ಸಿಲ್ವೇನಿಯಾ ಪ್ರಾಂತದ ಮೈನರ್ಸ್‌ವಿಲ್ ಊರಿನಲ್ಲಿ ಹಾಗೆ ವಂದಿಸದ ಇಬ್ಬರು ಮಕ್ಕಳು 1935ರಲ್ಲಿ ಶಾಲೆಯಿಂದ ಹೊರಗಾದರು. 1940ರಲ್ಲಿ ಪರಮೋಚ್ಚ ನ್ಯಾಯಾಲಯದ ಎಂಟು ಮಂದಿ ನ್ಯಾಯಾಧೀಶರು ಶಾಲೆಯ ಪಕ್ಷವನ್ನೇ ಹಿಡಿದರು. ಸ್ಟೋನ್ ಎಂಬವರೊಬ್ಬರೇ ಭಿನ್ನಮತವನ್ನು ಬರೆದರು. ತೀರ್ಪು ಹೊರಬಿದ್ದ ಕೆಲವೇ ದಿನಗಳಲ್ಲಿ ಅನೇಕ ಊರುಗಳ ಜನರು ಆ ಪಂಥದವರ ಮೇಲೆ ಬಿದ್ದರು. ಕೆನೆಬಂಕ್ ಎಂಬಲ್ಲಿ ಅವರ ಪ್ರಾರ್ಥನಾಮಂದಿರವನ್ನೇ ಸುಟ್ಟರು. ದೇಶಪ್ರೇಮದ ಹೆಸರಿನಲ್ಲಿ ನಡೆದ ಕಾರ್ಯವಿದು!

ಮೂರೇ ವರ್ಷಗಳಲ್ಲಿ ನ್ಯಾಯಾಲಯವು ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತು. 1943ರ ಜೂನ್ 14ರಂದು ಬಾರ್ನೆಟ್ ಮೊಕದ್ದಮೆಯಲ್ಲಿ, ನಂಬದ ಮಾತನ್ನು ಪ್ರಜೆಯ ಬಾಯಿಂದ ಹೊರಡಿಸುವ ಅಧಿಕಾರವು ಯಾವ ಅಧಿಕಾರಿಗೂ ಇಲ್ಲವೆಂದು ನ್ಯಾಯಾಧೀಶ ಜಾಕ್ಸನ್‌ರವರು ಬಹುಮತದ ಪರವಾಗಿ ವಿಧಿಸಿದರು. ಅವರು ಆಧಾರವಾಗಿ ಹಿಡಿದುದು ಮತಸ್ವಾತಂತ್ರ್ಯಕ್ಕಿಂತ ಹೆಚ್ಚಾಗಿ ವಾಕ್ಸ್ವಾತಂತ್ರ್ಯವನ್ನು. ಆದುದರಿಂದ ಆ ರಕ್ಷಣೆ ಆಸ್ತಿಕನಿಗೂ ನಾಸ್ತಿಕನಿಗೂ ಸಮನಾಗಿ ದೊರೆಯಿತು. ಮಹಾಯುದ್ಧದ ನಡುವೆ ಹೀಗೆ ನುಡಿದುದು ಸಾಮಾನ್ಯ ಧೈರ್ಯವಲ್ಲ.

ಹನ್ನೊಂದು ವರ್ಷಗಳ ತರುವಾಯ, 1954ರ ಅದೇ ಜೂನ್ 14ರಂದು, ಅಧ್ಯಕ್ಷ ಐಸೆನ್‌ಹೋವರ್‌ರವರ ಅಂಕಿತದಿಂದ ರಾಷ್ಟ್ರವು 'ದೇವರ ಅಧೀನ'ದಲ್ಲಿರುವುದೆಂಬ ಮಾತು ಪ್ರತಿಜ್ಞೆಯೊಳಕ್ಕೆ ಬಂದಿತು. ನಿರೀಶ್ವರವಾದಿಗಳಾದ ಕಮ್ಯುನಿಸ್ಟರೊಡನೆ ಸ್ಪರ್ಧೆ ನಡೆದಿದ್ದ ಕಾಲವದು. ಕ್ಯಾಲಿಫೋರ್ನಿಯಾದ ನ್ಯೂಡೋ ಎಂಬ ನಾಸ್ತಿಕ ತಂದೆಯು, ತನ್ನ ಮಗಳು ದಿನವೂ ಈ ಮಾತನ್ನು ಕೇಳಬೇಕಾಗುವುದೆಂದು ನ್ಯಾಯಾಲಯದ ಮೊರೆಹೊಕ್ಕನು. 2004ರಲ್ಲಿ, ಮತ್ತೆ ಜೂನ್ 14ರಂದೇ, ಪರಮೋಚ್ಚ ನ್ಯಾಯಾಲಯವು ಮಗಳ ಪರವಾಗಿ ವ್ಯಾಜ್ಯ ಹೂಡಲು ಈತನಿಗೆ ಅರ್ಹತೆಯಿಲ್ಲವೆಂದಿತು. ಮೂಲಪ್ರಶ್ನೆಗೆ ಬಹುಮತದ ಉತ್ತರ ದೊರೆಯಲಿಲ್ಲ.

ಇಷ್ಟವಿಲ್ಲದವರು ಸುಮ್ಮನಿರಬಹುದಲ್ಲವೆ ಎಂದು ಕೆಲವರು ಕೇಳುವರು. ಕಾನೂನಿನ ಮಟ್ಟಿಗೆ ಅದು ಸರಿಯೆ. ಆದರೆ ಉಪಾಧ್ಯಾಯರ ದೃಷ್ಟಿ, ಸಹಪಾಠಿಗಳ ನಗೆ, ಇವುಗಳ ನಡುವೆ ಬಾಯಿಮುಚ್ಚಿ ನಿಲ್ಲುವ ಎಂಟು ವರ್ಷದ ಮಗುವಿಗೆ ಆ ಅನುಮತಿಯು ಎಷ್ಟು ಭಾರವೆಂಬುದನ್ನು ಹೆತ್ತವರೇ ಬಲ್ಲರು.

ಬಾರ್ನೆಟ್ ತೀರ್ಪು ನಮ್ಮ ದೇಶಕ್ಕೂ ಬಂದಿತು. ಕೇರಳದಲ್ಲಿ ಅದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಗೀತದ ಶಬ್ದಗಳಲ್ಲಿ ಅವರು ದೋಷವೆಣಿಸಿದವರಲ್ಲ. ಹಾಡುವುದೇ ಅವರ ಮತಕ್ಕೆ ನಿಷಿದ್ಧವಾಗಿದ್ದಿತು. 1985ರಲ್ಲಿ ಅವರನ್ನು ಶಾಲೆಯಿಂದ ತೆಗೆದರು. 1986ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಅಮೇರಿಕಾದ ಆ ಎರಡು ತೀರ್ಪುಗಳನ್ನೂ ಪರ್ಯಾಲೋಚಿಸಿ, ಸಂವಿಧಾನದ 19 ಮತ್ತು 25ನೆಯ ಅನುಚ್ಛೇದಗಳನ್ನು ಎತ್ತಿಹಿಡಿದು, ಹಾಡಲೇಬೇಕೆಂಬ ಕಾನೂನು ಯಾವುದೂ ಇಲ್ಲವೆಂದು ಕಂಡು, ಆ ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿದರು.